ಹದಿನೇಳು ಕಾಲಿನ ಸಂಖ್ಯೆ

ನನ್ನ ತಮ್ಮನಿಗೆ ಈ ಭೂಮಿಯ ಮೇಲೆ ಇದ್ದದ್ದು ಒಬ್ಬನೇ ಶತ್ರು. ಆ ಶತ್ರುವಿಗೆ ಹದಿನೇಳು ಕಾಲು! ಹೆದರಬೇಡಿ, ಅದೊಂದು ಸಂಖ್ಯೆ. ನೂರಾಹನ್ನೊಂದು ಕೋಟಿ ಕೋಟಿಯ ಮೇಲಿನದಂತೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಕೋಟಿಯನ್ನೇ ಕಂಡಿಲ್ಲ, ಕೋಟಿ ಕೋಟಿ ಎಲ್ಲಿಂದ ಕಾಣಲಿ? ಆದರೆ ಮೊನ್ನೆ ಅದನ್ನು ಸೋಲಿಸಿದವಳು ನನ್ನ ಮೊಮ್ಮಗಳು. ಐದು ತಿಂಗಳ ಕೂಸು! ಹೇಳಿಕೊಳ್ಳದೆ ಹೇಗೆ ಇರಲಿ?

ನನ್ನ ತಮ್ಮ ಮಂಡಿಪೇಟೆಯ ಅಂಗಡಿಯೊಂದರಲ್ಲಿ ಬೆಲ್ಲದ ಅಚ್ಚು ಜೋಡಿಸುತ್ತಿದ್ದವನು. ಹನ್ನೆರಡು ಅಚ್ಚಾದರೆ ಮೂರು ಸಾಲು, ನಾಲ್ಕು ಸಾಲು, ಹೇಗೆ ಬೇಕಾದರೂ ಕೂರುತ್ತವೆ. ಹದಿಮೂರಾದರೆ? ಒಂದು ಹೊರಗೇ ಉಳಿಯುತ್ತದೆ. ಹಾಗಾಗಿ ಒಡೆಯುವ ಸಂಖ್ಯೆ ಸಂಸಾರಸ್ಥ, ಒಡೆಯದ್ದು ಒಂಟಿ ಎಂಬುದು ಅವನ ಶಾಸ್ತ್ರ. ಮಂಡಕ್ಕಿಯ ಜೊತೆ ಏಳು ಮಿರ್ಚಿ ಇಟ್ಟರೆ ಮುಟ್ಟುತ್ತಿರಲಿಲ್ಲ.

“ಇನ್ನೊಂದು ಹಾಕು. ಏಳು ಒಂಟಿ ಐತೆ, ಪಾಪ.”

“ನೀನೇ ಒಂದು ತಿಂದ್ಬಿಡು, ಆರಾಗ್ತೈತೆ!” ಎನ್ನುತ್ತಿದ್ದಳು ಅವನ ಹೆಂಡತಿ. ಗಟ್ಟಿಗಿತ್ತಿ.

ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಆನೆಕೊಂಡದಲ್ಲಿದ್ದ ಅವರ ಮನೆಯಲ್ಲಿ ಹಾಲು ಹಾಕಿಸಿಕೊಂಡಾಗಲೆಲ್ಲ ಬಾಗಿಲ ಪಕ್ಕದ ಗೋಡೆಗೆ ಸುಣ್ಣದ ಬೆರಳಲ್ಲಿ ಒಂದು ಗೀಟು ಎಳೆಯುವಳು, ತಿಂಗಳಾದ ಮೇಲೆ ಒರೆಸುವಳು. ಒಂದು ತಿಂಗಳು ಒರೆಸಲಿಲ್ಲ. ಹದಿನೇಳನೇ ಗೀಟು ಎಳೆದು, ಎದೆ ನೋವೆಂದು ಕೂತವಳು ಮತ್ತೆ ಏಳಲಿಲ್ಲ.

ಮಣ್ಣು ಮಾಡಿ ಬಂದ ತಮ್ಮ ಆ ಗೋಡೆಯ ಮುಂದೆ ಕೂತ. ನಮಗೆಲ್ಲ ಅದು ಹಾಲಿನ ಲೆಕ್ಕ. ಅವನಿಗೆ ಮಾತ್ರ ಹದಿನೇಳು ಒಂದುಗಳು ಸಾಲಾಗಿ ನಿಂತ ಒಂದೇ ಸಂಖ್ಯೆ! ಎರಡರಿಂದ ಭಾಗಿಸಿದ, ಹೋಗಲಿಲ್ಲ. ಮೂರಕ್ಕೆ ಹೋಗಲಿಲ್ಲ, ಏಳಕ್ಕೂ ಹೋಗಲಿಲ್ಲ. ಸ್ಲೇಟು ಸವೆಯಿತು, ಅವನೂ ಸವೆದ. ಇನ್ನೊಂದು ಗೀಟು ಬಿದ್ದರೆ ಅವಳ ಸಂಖ್ಯೆ ಕೆಡುತ್ತದೆಂದು ಹಾಲನ್ನೇ ನಿಲ್ಲಿಸಿದ. ಹೋದವರಿಗೆಲ್ಲ ಕರಿ ಚಹಾ. ಹೋಗುವವರೂ ಕಡಿಮೆಯಾದರು.

“ಹರಿಹರಕ್ಕೆ ಬಾರೋ, ನಮ್ಮನಿಯಾಗ ಇರು,” ಎಂದೆ.

“ಇದು ಒಡೀಲಿ, ಬರ್ತೀನಿ.”

“ಒಡೀದಿದ್ರೆ?”

“ನನ್ನಂಗೆ ಒಂಟಿ ಅಂತಾತು. ಇಬ್ರೂ ಇಲ್ಲೇ ಇರ್ತೀವಿ.”

ಬಾಣಂತನಕ್ಕೆ ಬಂದಿದ್ದ ನನ್ನ ಮಗಳು ಮಲಗಿದಲ್ಲೇ ಮೊಬೈಲಿನಲ್ಲಿ ಹದಿನೇಳು ಒಂದು ಒತ್ತಿದಳು. ಕೂಸು ಸೀನುವುದರೊಳಗೆ ಒಡೆಯಿತು! ಕೂಡಲೇ ಫೋನು ಮಾಡಿದಳು.

“ಮಾವ, ಎರಡು ಸಂಖ್ಯೆ ಗುಣಿಸಿದ್ರೆ ಅದು ಬರ್ತೈತೆ. ಒಂದು ಇಪ್ಪತ್ತು ಲಕ್ಷದ ಮೇಲೆ, ಇನ್ನೊಂದು ಐನೂರು ಕೋಟಿ ದಾಟೈತೆ.”

“ಅವು ಒಡೀತಾವೇನವ್ವ?”

“ಇಲ್ಲ, ಅವೆರಡೂ ಒಡೆಯಲ್ಲ.”

“ಹಂಗಾರೆ ಒಂದು ಒಂಟಿ ಇದ್ದದ್ದು ಎರಡು ಒಂಟಿ ಆತು,” ಎಂದು ಫೋನಿಟ್ಟ. ಬರಲಿಲ್ಲ.

ಅವನು ಬರದಿದ್ದರೆ ನಾವೇ ಹೋಗಬೇಕಲ್ಲ? ಮೊನ್ನೆ ಕೂಸನ್ನೆತ್ತಿಕೊಂಡು ಆನೆಕೊಂಡಕ್ಕೆ ಹೋದೆವು. ಕೂಸು ಮೊದಲ ಸಲ ಮನೆಗೆ ಬಂದರೆ ತುಟಿಗೆ ಹಾಲು ಮುಟ್ಟಿಸದೆ ಕಳಿಸಬಾರದು, ಅದು ನಮ್ಮ ಪದ್ಧತಿ. ನಾನು ಬೇಕೆಂದೇ ಹೊಸಿಲಾಚೆ ನಿಂತೆ.

“ಒಳಗೆ ಬಾ ಅಕ್ಕ, ಯಾಕ ನಿಂತಿ?”

“ಹಾಲೈತೇನೋ?”

ಅವನು ಗೋಡೆ ನೋಡಿದ. ಕೂಸನ್ನು ನೋಡಿದ. ನನ್ನ ಬಂಗಾರ ಬೊಚ್ಚು ಬಾಯಿ ತೆರೆದು ನಕ್ಕಿತು! ಅವನು ಚಪ್ಪಲಿಯನ್ನೂ ಮೆಟ್ಟದೆ ಲೋಟ ಹಿಡಿದು ಬೀದಿಗೆ ಓಡಿದ.

ಹಾಲು ತಂದು ಪುಟ್ಟ ತುಟಿಗೆ ಮುಟ್ಟಿಸಿದ. ಆಮೇಲೆ ಹೆಂಡತಿಯ ಸುಣ್ಣದ ಡಬ್ಬಿ ತೆಗೆದ. ಒಣಗಿತ್ತು. ನೀರು ಚಿಮುಕಿಸಿ ಕಲಸಿ, ಹದಿನೇಳರ ಪಕ್ಕ ಚಿಕ್ಕದೊಂದು ಗೀಟು ಎಳೆದ. ನಿಂತಲ್ಲೇ ಬಾಯಲ್ಲಿ ಭಾಗಿಸತೊಡಗಿದ.

“ಅಕ್ಕಾ! ಮೂರಕ್ಕೆ ಹೋಗ್ತೈತೆ. ಏಳಕ್ಕೂ ಹೋಗ್ತೈತೆ. ಹನ್ನೊಂದಕ್ಕೂ, ಹದಿಮೂರಕ್ಕೂ... ಏನೂ ಉಳಿಯಂಗಿಲ್ಲ!” ಕೂಸನ್ನು ನನ್ನ ಕೈಯಿಂದ ತೆಗೆದುಕೊಂಡ. “ಒಂದು ಗೀಟಿಗೆ ಕಾಯ್ತಿತ್ತು ನೋಡು.”

“ನಾಳೆ ಇನ್ನೊಂದು ಬಿದ್ದು ಮತ್ತೆ ಒಡೀದಂಗಾದ್ರೆ?” ಎಂದೆ, ಕಣ್ಣೊರೆಸಿಕೊಳ್ಳುತ್ತ.

“ಆಗ್ಲಿ ಬಿಡು,” ಎಂದ ತಮ್ಮ, ಕೂಸಿನ ಬಾಯಂಚಿನ ಹಾಲು ಒರೆಸುತ್ತ. “ನಾಡಿದ್ದೂ ಹಾಲು ಬರ್ತೈತಲ್ಲ.”