ಕರೆಂಟ್ ಗಾಡಿಯ ರಿಯಾಯಿತಿ ತಿಂದವರ್ಯಾರು?

ಬ್ರಹ್ಮಪುರದ ಓಣಿಯಲ್ಲಿ ದತ್ತಪ್ಪನ ಮನೆಯ ಬಗ್ಗೆ ನೆರೆಹೊರೆಯವರು ಆಡುತ್ತಿದ್ದ ಮಾತು ಒಂದಿತ್ತು. "ಆ ಮನ್ಯಾಗ ಗಡಿಯಾರದ ಮ್ಯಾಲೂ ನಂಬಿಕಿ ಇಲ್ಲರಿ. ದತ್ತಪ್ಪ ಗ್ವಾಡಿ ಗಡಿಯಾರ ನೋಡ್ತಾನ, ಆಮ್ಯಾಲೆ ಕೈಗಡಿಯಾರ ನೋಡ್ತಾನ, ಆಮ್ಯಾಲೆ ಮೊಬೈಲ್ ನೋಡ್ತಾನ. ಕಡೀಕ ಹೊರಗ ಬಂದು ನಮಗ ಟೈಮ್ ಎಷ್ಟಾತು ಅಂತ ಕೇಳ್ತಾನ!" ಅವನ ಹೆಂಡತಿ ವಿದ್ಯಾವತಿಯ ಬಗ್ಗೆ ಮಾತ್ರ ಎಲ್ಲರಿಗೂ ಕನಿಕರ. "ಪಾಪ, ಸಾರಿಗಿ ಉಪ್ಪು ಹಾಕೇನಿ ಅಂದ್ರ, ಸಾಕ್ಷಿ ಯಾರು ಅಂತಾನ."

ಪೂರ್ತಿ ಅವನ ತಪ್ಪು ಅನ್ನಲಿಕ್ಕೂ ಬರುವುದಿಲ್ಲ. ಅವನ ಅನ್ನವೇ ಅನುಮಾನದಿಂದ ಬೇಯುತ್ತಿತ್ತು. ಊರಿನ ದೊಡ್ಡದೊಂದು ತೊಗರಿಬೇಳೆ ಕಂಪನಿಯಲ್ಲಿ ಅವನು ಮಾಲು ಪರೀಕ್ಷೆ ಮಾಡುವ ಅಧಿಕಾರಿ. ತುದಿ ಚೂಪಾದ ಕಬ್ಬಿಣದ ಕೊಳವೆ ಹಿಡಿದು ಬಂದ ಬಂದ ಚೀಲದ ಹೊಟ್ಟೆಗೆ ಚುಚ್ಚುವುದು, ಒಳಗಿನ ಕಾಳು ಅಂಗೈಗೆ ಸುರಿದುಕೊಂಡು ಕಲ್ಲು, ಹುಳ, ಹಸಿ ಹುಡುಕುವುದು. ಹೀಗೆ ಚುಚ್ಚಿ ಚುಚ್ಚಿ ಕೈಗೆ ರೂಢಿಯಾಗಿ, ಮನುಷ್ಯರನ್ನೂ ಚುಚ್ಚಿ ನೋಡದೆ ಅವನಿಗೆ ಸಮಾಧಾನವಿಲ್ಲ. ಹೆಣ್ಣು ನೋಡಲು ಕಮಲಾಪುರಕ್ಕೆ ಹೋದಾಗ ಅವರು ತಟ್ಟೆಯಲ್ಲಿಟ್ಟ, ಆ ಊರಿಗೇ ಹೆಸರು ತಂದ ಕೆಂಪು ಬಾಳೆಹಣ್ಣನ್ನು, ಬಣ್ಣ ಹಚ್ಚಿದ್ದಾರೇನೋ ಎಂದು ಉಗುರಿನಿಂದ ಕೆರೆದು ನೋಡಿದ ಮಹಾನುಭಾವ ಇವನೇ! (ಅತ್ತೆ ಭಾಗಮ್ಮ ಬಾಗಿಲ ಮರೆಯಿಂದ ಅದನ್ನು ನೋಡಿದ್ದಳು. ಹಣ್ಣು ಮರೆತಳು, ಉಗುರು ಮರೆಯಲಿಲ್ಲ.)

ಅನುಮಾನಗಳಲ್ಲೆಲ್ಲ ಅವನಿಗೆ ಒಂದು ಕುಲದೇವತೆಯಂಥ ಅನುಮಾನವಿತ್ತು. ಅವನ ಅಪ್ಪ ಗಂಜ್ ಮಾರುಕಟ್ಟೆಯಲ್ಲಿ ತೊಗರಿ ಮಾರಿದಾಗ ಅಡತಿಯ ದಲ್ಲಾಳಿ ಹಮಾಲಿ, ತೂಕ, ಉದುರಿದ್ದು, ದೇವರ ಪಾಲು ಎಂದು ಎಲ್ಲ ಕಡಿದುಕೊಂಡು, ಉಳಿದದ್ದನ್ನು ಅಂಗೈಗೆ ಹಾಕುತ್ತಿದ್ದ. ಅಪ್ಪನ ಆ ಮುಖ ಇವನ ಕಣ್ಣಿಂದ ಹೋಗಿರಲಿಲ್ಲ. ಹಾಗಾಗಿ, ಕೈಗೆ ಬರುವ ಮೊದಲೇ ಯಾರಾದರೂ ಏನಾದರೂ ಕಡಿದರೆಂದರೆ ಅದು ಕಳವು ಎಂಬುದು ಇವನ ಧರ್ಮಶಾಸ್ತ್ರ.

ಇಂಥ ಮನೆಗೆ ಕಾರು ಬೇಕಾಯಿತು. ಭಾಗಮ್ಮನ ಮೊಣಕಾಲಿನ ಆಪರೇಷನ್ ಆಗಿತ್ತು. ವಾರವಾರವೂ ಕಮಲಾಪುರದಿಂದ ಸೇಡಂ ರಸ್ತೆಯ ಆಸ್ಪತ್ರೆಗೆ ಬಂದು ಕಾಲಿನ ಕಸರತ್ತು ಮಾಡಬೇಕು. ಬಸ್ಸಿನ ಮೆಟ್ಟಿಲು ಹತ್ತಲಾರಳು, ಆಟೋದಲ್ಲಿ ಕುಲುಕಿದರೆ ಕಣ್ಣಲ್ಲಿ ನೀರು. ಆ ಆಸ್ಪತ್ರೆಯ ಬಿಲ್ಲಿನ ವಿಭಾಗದಲ್ಲೇ ವಿದ್ಯಾವತಿಯ ನೌಕರಿ.

"ಡಾಕ್ಟರ್ ಸಾಫ್ ಹೇಳ್ಯಾರ ರೀ. ಕಸರತ್ತು ತಪ್ಪಿದ್ರ ಕಾಲು ಮಡಚಂಗಿಲ್ಲ, ಅವ್ವ ಮತ್ತ ನಡ್ಯಂಗಿಲ್ಲ. ಗಾಡಿ ಬೇಕೇ ಬೇಕು."

ಅದೇ ಹೊತ್ತಿಗೆ ಕಂಪನಿಯಲ್ಲಿ ಹೊಸ ಯೋಜನೆ ಬಂತು. ನೌಕರರಿಗೆ ಬ್ಯಾಟರಿ ಕಾರು ಲೀಸಿಗೆ, ಅಂದರೆ ಕೊಳ್ಳುವುದಲ್ಲ, ತಿಂಗಳ ಬಾಡಿಗೆ. ಪಗಾರದ ಲೆಕ್ಕ ನೋಡುವ ಮುನೀರಾ ಮೇಡಂ ಬಿಡಿಸಿ ಹೇಳಿದಳು: "ಕರೆಂಟ್ ಗಾಡಿಗಿ ಸರ್ಕಾರದ ತೆರಿಗಿನೇ ಕಮ್ಮಿ ಸರ್, ಅದಕ್ಕ ಬಾಡಿಗಿನೂ ಕಮ್ಮಿ. ಆ ಬಾಡಿಗಿ ನಾವು ನಿಮ್ಮ ಪಗಾರದಾಗ ಮೊದಲೇ ಕಡಕೊಂಡು..."

"ಏನಂದ್ರಿ? ಕಡಕೊಂಡು?"

"ಹೌದ್ರಿ, ಪಗಾರ ಕೈಗೆ ಬರೂಕಿಂತ ಮೊದಲ..."

"ಸಾಕ್ರಿ ಮೇಡಂ!" ದತ್ತಪ್ಪ ಎದ್ದು ನಿಂತ. "ನನ್ನ ಪಗಾರಕ್ಕ ಯಾರೂ ಕೈ ಹಚ್ಚಬ್ಯಾಡ್ರಿ. ಪೂರಾ ರೊಕ್ಕಾ ನನಗ ಬರಲಿ. ನಾ ಕಣ್ಲೆ ನೋಡಿ, ನನ್ನ ಕೈಲೆ ಬಾಡಿಗಿ ಕೊಡ್ತೇನಿ."

"ಸರ್, ಹಂಗ ಮಾಡಿದ್ರ ರಿಯಾಯಿತಿ..."

"ರಿಯಾಯಿತಿ ಅಂದಕೂಡ್ಲೇ ನಾ ಚೀಲದ ತಳಾ ನೋಡಾಂವ ರೀ."

ಮುನೀರಾ ನಕ್ಕಳು. ಆ ನಗೆಯಲ್ಲೂ ಅವನಿಗೆ ಏನೋ ಕಂಡಿತು. ಕಂಪನಿಯ ಯೋಜನೆಯನ್ನು ಬದಿಗೆ ಸರಿಸಿ, ಅದೇ ಲೀಸಿನವರ ಹತ್ತಿರ ನೇರ ಹೋಗಿ, ತನ್ನದೇ ಜವಾಬ್ದಾರಿಯ ಮೇಲೆ ನೀಲಿ ಕಾರೊಂದನ್ನು ತಂದು ಮನೆ ಮುಂದೆ ನಿಲ್ಲಿಸಿದ. ಓಣಿಯ ಮಂದಿ ಆರತಿಗೆ ಬಂದರು. ಇವನು ನಿಂಬೆಹಣ್ಣನ್ನು ಗಾಲಿಯ ಕೆಳಗೆ ಇಡುವ ಮೊದಲು ಹಿಚುಕಿ ನೋಡಿದ.

ಮೊದಲ ಸಲ ಕಮಲಾಪುರದಿಂದ ಹೊರಟಾಗ ಭಾಗಮ್ಮ ಮುಂದಿನ ಸೀಟಿನಲ್ಲಿ ಊರುಗೋಲು ಹಿಡಿದು ಕೂತು, ಬಹಳ ಹೊತ್ತು ಕಿವಿಗೊಟ್ಟು ಕೇಳಿದಳು.

"ಅಳಿಯಂದ್ರ, ಇದಕ್ಕ ಸಪ್ಪಳನೇ ಇಲ್ಲಲ್ಲ. ಗಾಡಿ ಚಾಲೂ ಆಗ್ಯಾದೋ, ಇಳಿಜಾರಿನ್ಯಾಗ ತಾನೇ ಹೊಂಟದೋ?"

"ಚಾಲೂ ಆಗ್ಯಾದ ಅತ್ತಿ."

"ಮತ್ತ ನೀವ್ಯಾಕ ಘಡಿ ಘಡಿ ಬಗ್ಗಿ ನೋಡ್ಲಾಕತ್ತೀರಿ?"

ಬ್ಯಾಟರಿ ಎಷ್ಟಿದೆ ಎಂದು ತೋರಿಸುವ ಪರದೆ ಸುಳ್ಳು ಹೇಳುತ್ತಿದೆಯೇನೋ ಎಂಬ ಸಂಶಯ ಅವನಿಗೆ! ಹೇಗೋ ವಾರವಾರ ಕಸರತ್ತು ನಡೆಯಿತು. ಮುದುಕಿಯ ಕಾಲು ಸ್ವಲ್ಪ ಸ್ವಲ್ಪ ಮಡಚತೊಡಗಿತು. ಜೊತೆಗೆ ದತ್ತಪ್ಪನ ಕಿಸೆಯೂ ಮಡಚತೊಡಗಿತು, ಒಳಗೆ ಏನೂ ಉಳಿಯದೆ. ಪೂರಾ ಪಗಾರ ಕೈಗೆ ಬರುತ್ತದೆಂದು ಕಾದರೆ, ಎಂದಿನಂತೆ ತೆರಿಗೆ ಕಡಿದೇ ಬರುತ್ತಿತ್ತು. ಅದರಲ್ಲಿ ಬಾಡಿಗೆ ಕೊಟ್ಟರೆ ಉಳಿದದ್ದು ಕಿರಾಣಿಗೂ ಸಾಲದು.

"ಹಿಂಗಾದ್ರ ಗಾಡಿ ಬಿಡಬೇಕಾಗ್ತದ ನೋಡು," ಎಂದ ಒಂದು ದಿನ.

"ಗಾಡಿ ಬಿಟ್ರ ಅವ್ವನ ಕಾಲು ಅರ್ಧಕ್ಕೇ ನಿಲ್ತದ," ಎಂದಳು ವಿದ್ಯಾವತಿ. ಆಮೇಲೆ ಫೋನು ಹಿಡಿದು ಹಿತ್ತಿಲಿಗೆ ಹೋಗಿ ಯಾರ ಜೊತೆಗೋ ಸಣ್ಣ ದನಿಯಲ್ಲಿ ಮಾತಾಡಿದಳು. ದತ್ತಪ್ಪ ಬಾಗಿಲಿಗೆ ಕಿವಿ ಹಚ್ಚಿದ. "ಹೌದ್ರಿ, ಕೆಂಪು ಬಣ್ಣದ್ದೇ... ಅವರಿಗಿ ಈಗ ಹೇಳಬ್ಯಾಡ್ರಿ" ಎಂಬಷ್ಟು ಕೇಳಿಸಿತು. ಸೀರೆ ಇರಬೇಕು, ಎಂದುಕೊಂಡ. ಮನೆಯಲ್ಲಿ ರೊಕ್ಕವಿಲ್ಲದಾಗ ಸೀರೆ! ಅನುಮಾನದ ಸರದಿಯಲ್ಲಿ ಅದನ್ನೂ ನಿಲ್ಲಿಸಿಕೊಂಡ.

ಸರದಿಯ ಮುಂದೆ ನಿಂತವನು ಬೇರೆ ಇದ್ದ. ಆಫೀಸಿನ ತಾರಿಖ್. ಐವಾನ್-ಎ-ಶಾಹಿ ಬಡಾವಣೆಯಲ್ಲಿ ಮನೆ, ಇಂಥದ್ದೇ ಕಾರು, ಅದೇ ಲೀಸಿನವರದು, ಪಗಾರವೂ ಹೆಚ್ಚುಕಮ್ಮಿ ಇಷ್ಟೇ. ಆದರೆ ಅವನು ಭಾನುವಾರ ಹೆಂಡತಿ ಮಕ್ಕಳನ್ನು ಕೂಡಿಸಿಕೊಂಡು ಬಿರಿಯಾನಿಗೆ ಹೋಗುತ್ತಾನೆ, ಇವನು ಬೇಳೆಸಾರಿಗೇ ಬೇಳೆ ಕಡಿಮೆ ಮಾಡಿದ್ದಾನೆ!

"ತಾರಿಖ್, ಖರೇ ಹೇಳು. ನಿನಗ ಈ ಗಾಡಿ ಬಾಡಿಗಿ ಕಿಸೇಕ ಜಡ ಅನಸಂಗಿಲ್ಲೇನು?"

"ಜಡ? ಅರೆ ದತ್ತಪ್ಪಾ ಭಾಯ್, ತೆರಿಗ್ಯಾಗ ಉಳಿದದ್ದರಾಗ ಕಾಲು ಭಾಗ ಬಾಡಿಗಿ ಹೋದಂಗ ಆಗ್ತದ. ಸರ್ಕಾರದ ಮೆಹರಬಾನಿ!"

ದತ್ತಪ್ಪನ ತಲೆಯಲ್ಲಿ ಕಬ್ಬಿಣದ ಕೊಳವೆ ಚುಚ್ಚಿ ಹೊರಬಂತು. ಸರ್ಕಾರ ಇಬ್ಬರಿಗೂ ಒಂದೇ. ಇವನಿಗೆ ಬಂದ ರಿಯಾಯಿತಿ ತನಗೆ ಬಂದಿಲ್ಲವೆಂದರೆ ನಡುವೆ ಯಾರೋ ತಿಂದಿದ್ದಾರೆ. ಲೀಸಿನವರೇ? ತಾರಿಖನೇ? ಮುನೀರಾಳೇ? ಆ ನಗೆ!

ಮರುದಿನ ತಾರಿಖನ ಕೈ ಹಿಡಿದು ಎಳೆದುಕೊಂಡೇ ಹೋಗಿ ಮುನೀರಾಳ ಮೇಜಿನ ಮುಂದೆ ನಿಂತ. ಇಡೀ ವಿಭಾಗ ತಲೆ ಎತ್ತಿತು.

"ಮೇಡಂ, ನನ್ನ ರಿಯಾಯಿತಿ ಯಾರ ಹೊಟ್ಯಾಗ ಹೋತು? ಇವತ್ತು ಹೇಳಬೇಕು!"

ಮುನೀರಾ ಕನ್ನಡಕ ತೆಗೆದಿಟ್ಟಳು. "ಯಾರ ಹೊಟ್ಯಾಗೂ ಹೋಗಿಲ್ಲ ಸರ್, ಹುಟ್ಟೇ ಇಲ್ಲ. ತಾರಿಖ್ ಅವರ ಬಾಡಿಗಿ ನಾವು ಮೊದಲ ಕಡಿತೀವಿ, ಉಳಿದ ಪಗಾರಕ್ಕ ಮಾತ್ರ ತೆರಿಗಿ. ನೀವು ಕಡಿಬ್ಯಾಡ್ರಿ ಅಂದ್ರಿ. ಪೂರಾ ಪಗಾರಕ್ಕ ತೆರಿಗಿ ಕಟ್ಟಿ, ಉಳಿದದ್ದರಾಗ ಬಾಡಿಗಿ ಕೊಡ್ಲಾಕತ್ತೀರಿ. ಕಡಿದ್ರೇನೇ ಉಳಿಯೂದು ಸರ್ ಇದು."

"ಹಂಗಾದ್ರ... ಈಗ ಕಡೀರಿ."

"ಈ ವರ್ಷ ಯೋಜನಾಕ್ಕ ಹೆಸರು ಹಚ್ಚೂ ಟೈಮ್ ಮುಗದದ ಸರ್. ಮತ್ತ ನಿಮ್ಮ ಗಾಡಿ ನೀವು ಸ್ವಂತ ತಂದದ್ದು, ಅದು ನಮ್ಮ ಯೋಜನಾದಾಗ ಬರಂಗಿಲ್ಲ."

ಯಾರೋ ಹಿಂದಿನಿಂದ ಕೆಮ್ಮಿದರು. ಅದು ಕೆಮ್ಮಲ್ಲ, ನಗೆ ಎಂದು ಗುರುತಿಸಲು ದತ್ತಪ್ಪನಿಗೆ ಯಾವ ಪರೀಕ್ಷೆಯೂ ಬೇಕಾಗಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ಒಂದು ಕಥೆ ಕಟ್ಟಿಕೊಂಡ. "ವಿದ್ಯಾ, ಲೀಸಿನವರು ಮೋಸಗಾರರು. ಗಾಡಿ ವಾಪಸ್ ಕೊಟ್ಟು ಬಿಡೂಣ."

"ಕೊಡ್ರಿ," ಎಂದಳು ವಿದ್ಯಾವತಿ, ರೊಟ್ಟಿ ತಟ್ಟುತ್ತ.

"ಕೊಡ್ರಿ? ನಿಮ್ಮವ್ವನ ಕಾಲು?"

"ನಮ್ಮ ಆಸ್ಪತ್ರ್ಯಾಗೂ ಅದೇ ಯೋಜನಾ ಬಂದದ ರೀ. ನಾ ತೊಗೊಂಡೀನಿ. ನಾಳಿಗಿ ಗಾಡಿ ಬರ್ತದ. ಕೆಂಪಂದು."

ದತ್ತಪ್ಪ ಒಲೆಯ ಹತ್ತಿರಕ್ಕೇ ಬಂದ. "ಪಗಾರದಾಗ ಕಡಿತಾರಲ್ಲ!"

"ನಾನೇ ಕಡಕೋರಿ ಅಂದೆ. ಹೆಂಗಂತ ಮುನೀರಾ ಮೇಡಂ ಫೋನಿನ್ಯಾಗ ತಿಳಿಸಿ ಹೇಳಿದ್ರು."

"ಆಕಿಗೆ ಗೊತ್ತಿತ್ತು, ನಿನಗ ಗೊತ್ತಿತ್ತು, ನನಗ ಯಾಕ ಹೇಳಲಿಲ್ಲ?"

"ನೀವು ನೀಲಿ ಗಾಡಿ ತರೂಕಿಂತ ಮೊದಲೇ ಹೇಳಿದ್ದೆನಲ್ಲ, ಮೇಡಂ ಮಾತು ಕೇಳ್ರಿ ಅಂತ! ಮುನೀರಾ ನಿನಗೆಷ್ಟು ಕಮಿಷನ್ ಕೊಡ್ತಾಳ ಅಂತ ಕೇಳಿದ್ರಿ."

ಕೆಂಪು ಕಾರು ಬಂತು. ಅವಧಿಗೆ ಮೊದಲೇ ವಾಪಸ್ ಕೊಡುವುದಕ್ಕೆ ಲೀಸಿನವರು ಠೇವಣಿಯ ಪಾಲೊಂದನ್ನು ಹಿಡಿದುಕೊಳ್ಳುತ್ತೇವೆಂದರು. ಕಡಿತದ ಆ ಕಾಗದಕ್ಕೆ ದತ್ತಪ್ಪ ತಾನೇ ಸಹಿ ಹಾಕಿದ. ನೀಲಿ ಕಾರು ಮುಟ್ಟಿಸುವ ದಿನ ಓಣಿಯವರೆಲ್ಲ ಕಟ್ಟೆಯ ಮೇಲೆ ಜಮಾಯಿಸಿದರು. ಅವನು ಕೀಲಿ ಹಿಡಿದು ಹೊಸ್ತಿಲು ದಾಟಿದ. ಹಿಂದೆಯೇ ವಿದ್ಯಾವತಿ ಕೆಂಪು ಕಾರಿನ ಸ್ಟೇರಿಂಗಿಗೆ ಕೂತಳು. ಕಸರತ್ತಿಗೆ ಬಂದಿದ್ದ ಭಾಗಮ್ಮ ಮುಂದಿನ ಸೀಟಿನಲ್ಲಿ ಕಾಲು ಮಡಚಿಕೊಂಡು, ಹೌದು, ಮಡಚಿಕೊಂಡೇ, ಕಿಟಕಿಯಿಂದ ತಲೆ ಹೊರಹಾಕಿದಳು.

"ನೀವು ಮುಂದ ನಡೀರಿ ಅಳಿಯಂದ್ರ, ನಾವು ಬೆನ್ನಿಗೇ ಬರ್ತೀವಿ."

"ನೀವ್ಯಾಕ ಅತ್ತಿ?"

"ಖರೇನೇ ಮುಟ್ಟಸ್ತೀರೋ ಇಲ್ಲೋ, ಕಣ್ಲೆ ನೋಡಬ್ಯಾಡೇನು? ಮತ್ತ ಬರೂಮುಂದ ನಿಮಗ ಹಿಂದಿನ ಸೀಟು ಖಾಲಿ ಮಾಡೀವಿ. ನನ್ನ ಊರುಗೋಲು ತೊಡಿ ಮ್ಯಾಲೆ ಇಟಗೊಂಡು ಕುಂದರಬೇಕು ನೋಡ್ರಿ, ಸೀಟು ಹೊಲಸಾಗಬಾರದು."

ಕಟ್ಟೆಯ ಮೇಲಿನ ಮಂದಿ ಗೊಳ್ಳೆಂದರು. ದತ್ತಪ್ಪ ಅತ್ತಿತ್ತ ನೋಡದೆ ನೀಲಿ ಕಾರನ್ನು ಸದ್ದಿಲ್ಲದೆ ಓಣಿಯ ತಿರುವಿಗೆ ತಂದ. ಬ್ರಹ್ಮಪುರದ ಆ ಮನೆಯಿಂದ ಅವನು ಸ್ಟೇರಿಂಗ್ ಹಿಡಿದು ಹೊರಬಿದ್ದದ್ದು ಅದೇ ಕಡೆಯ ಸಲ.