ಬರಿಬಿಲ್ಲಿನ ಮೇಲೊಂದು ಬೊಟ್ಟು

ನಮ್ಮ ಸೋದರಮಾವನಿಗೆ ದೇವರಲ್ಲಿ ನಂಬಿಕೆ ಇದೆಯೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ನಿಯಮಾವಳಿಯಲ್ಲಿ ಮಾತ್ರ ಇದೆ. ನಾಳೆ ದೇವರೇ ಬಿಲ್ಲು ಹಿಡಿದು ಕೋಲಾರದ ಮೈದಾನಕ್ಕೆ ಬಂದರೂ ಮಾವ ಮೊದಲು ಆ ಬಿಲ್ಲನ್ನು ಇಸಿದುಕೊಂಡು, ತಿರುವಿ ಮುರುವಿ ನೋಡಿ, "ಸ್ವಾಮಿ, ತಾವು ಯಾವ ವರ್ಗ?" ಎಂದು ಕೇಳುತ್ತಾರೆ. ಉತ್ತರ ಸರಿಯಿಲ್ಲದಿದ್ದರೆ ದೇವರಾದರೇನು, ಗೆರೆಯಿಂದಾಚೆ ನಿಲ್ಲಬೇಕು.

ಮಾವ ಶ್ರೀನಿವಾಸಪುರದ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ನಮ್ಮ ಕಡೆ ಎಲ್ಲೇ ಬಿಲ್ಲುಗಾರಿಕೆ ಸ್ಪರ್ಧೆಯಾದರೂ ಸಲಕರಣೆ ಪರೀಕ್ಷೆ ಅವರದೇ. ಹೊರಗಿನಿಂದ ನೋಡುವವರಿಗೆ ಎಲ್ಲ ಬಿಲ್ಲೂ ಒಂದೇ. ಮಾವನಿಗೆ ಹಾಗಲ್ಲ. ಬಿದಿರಿನ ಬಿಲ್ಲಿನವರು ಒಂದು ವರ್ಗ. ರಾಟೆ ಕಟ್ಟಿದ ಬಿಲ್ಲಿನವರು ಇನ್ನೊಂದು. ಗುರಿ ನೋಡಲು ಬಿಲ್ಲಿಗೆ ಸಣ್ಣ ಕಡ್ಡಿಯಂಥದ್ದು ಸಿಕ್ಕಿಸಿಕೊಳ್ಳುವವರದು ಮತ್ತೊಂದು. ಅದಕ್ಕೆ ಮಾವನ ಬಾಯಲ್ಲಿ 'ಗುರಿಕಡ್ಡಿ ವರ್ಗ' ಎಂದು ಹೆಸರು. ಇವೆಲ್ಲದರ ಮೇಲೆ, ಅವರ ಪ್ರಕಾರ, ಬರಿಬಿಲ್ಲು. ಹುಡುಗರು ಅದನ್ನು ಬೇರ್‌ಬೋ ಅನ್ನುತ್ತಾರೆ. ಅದರಲ್ಲಿ ಕಡ್ಡಿಯಿಲ್ಲ, ಬಿಲ್ಲು ಅಲುಗದಂತೆ ಕಟ್ಟುವ ತೂಕದ ಕೋಲಿಲ್ಲ, ಬಿಲ್ಲಿನ ಒಳಮೈಯಲ್ಲಿ ಗುರಿ ಹಿಡಿಯಲು ನೆರವಾಗುವ ಒಂದು ಗೀರು, ಒಂದು ಚುಕ್ಕೆ ಕೂಡ ಇರಕೂಡದು. ಮನುಷ್ಯ, ಅವನ ಕಣ್ಣು, ಬಾಣ, ಅಷ್ಟೇ. ಮಾವ ಸ್ಪರ್ಧಿಸುವುದೂ ಇದೇ ವರ್ಗದಲ್ಲಿ.

ಬರಿಬಿಲ್ಲನ್ನು ಪರೀಕ್ಷಿಸಲು ಒಂದು ಬಳೆ ಬೇಕು. ಹೆದೆ ಬಿಚ್ಚಿದ ಬಿಲ್ಲು ಆ ಬಳೆಯೊಳಗೆ ತೂರಿ ಈಚೆಗೆ ಬಂದರೆ ಸರಿ, ಸಿಕ್ಕಿಕೊಂಡರೆ ಏನೋ ಹೆಚ್ಚಿನದು ಕಟ್ಟಿದ್ದಾರೆ ಎಂದು ಲೆಕ್ಕ. ಮಾವ ಈ ಬಳೆಯನ್ನು ಮುಳಬಾಗಿಲು ರಸ್ತೆಯ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದರು. ಕೂದಲೆಳೆಯಷ್ಟು ಹೆಚ್ಚುಕಮ್ಮಿ ಎಂದು ಅದನ್ನು ಎಷ್ಟು ಸಲ ವಾಪಸು ಕಳಿಸಿದರೆಂದರೆ, ಕೊನೆಗೆ ಅಂಗಡಿಯವನು ಮಾವನ ಸ್ಕೂಟರಿನ ಸದ್ದು ಕೇಳಿದರೆ ಹಿಂಬಾಗಿಲಿನಿಂದ ಕಾಫಿಗೆ ಹೋಗತೊಡಗಿದ. ಆಮೇಲೆ ಆ ಬಳೆ ಮಾವನ ಹೆಗಲ ಚೀಲ ಬಿಟ್ಟು ಇಳಿಯಲಿಲ್ಲ. ಮಾವಿನ ಸುಗ್ಗಿಯಲ್ಲಿ ಮಂಡಿಗೆ ಹೋದರೆ ಮಲ್ಲಿಕಾ ಹಣ್ಣನ್ನು ಅದರಲ್ಲಿ ತೂರಿಸಿ ನೋಡುವರು. ಅಮ್ಮ ತಟ್ಟೆಗೆ ಮುದ್ದೆ ಹಾಕಿದರೆ ಒಂದು ಕ್ಷಣ ಅವರ ಕಣ್ಣು ಚೀಲದ ಕಡೆ ಹೋಗುತ್ತಿತ್ತು. ಮುದ್ದೆಯ ತಂಟೆಗೆ ಬಂದರೆ ಉಪವಾಸ ಎಂದು ಅಮ್ಮ ಮೊದಲೇ ಹೇಳಿಟ್ಟಿದ್ದರಿಂದ ಅದು ಅಲ್ಲಿಗೇ ನಿಂತಿತು.

ಮಾವ ಮದುವೆಯಾಗಲಿಲ್ಲ. ಯಾಕೆ ಎಂದು ಕೇಳುತ್ತೀರಾ? ಒಮ್ಮೆ ಮಾಲೂರಿಗೆ ಹೆಣ್ಣು ನೋಡಲು ಕರೆದುಕೊಂಡು ಹೋಗಿದ್ದರಂತೆ. ಹುಡುಗಿಯ ತಮ್ಮ ಮಾವನ ಹತ್ತಿರವೇ ಬಿಲ್ಲು ಕಲಿತವನು, ಸಂಬಂಧ ಬಂದದ್ದೂ ಅವನಿಂದಲೇ. ಉಪ್ಪಿಟ್ಟು, ಕೇಸರಿಬಾತು ಆಯಿತು, ಹುಡುಗಿ ಬಂದು ಕೂತಳು. ಆ ಹೊತ್ತಿಗೆ ಮಾವನ ಕಣ್ಣು ಗೋಡೆಗೆ ಒರಗಿಸಿದ್ದ ತಮ್ಮನ ಬಿಲ್ಲಿನ ಮೇಲೆ ಬಿದ್ದಿದೆ. ಎದ್ದು ಹೋಗಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದವರು ಹುಡುಗಿ ಎದ್ದು ಒಳಗೆ ಹೋದದ್ದನ್ನೂ ನೋಡಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಅಮ್ಮ, ಹೇಗಿದ್ದಾಳೆ, ಒಪ್ಪಿಗೆಯೇ ಎಂದು ಕೇಳಿದರೆ, ಒಳಮೈಯಲ್ಲಿ ಪೆನ್ಸಿಲ್ ಗೀರಿದೆ, ಒಪ್ಪೋಕಾಗಲ್ಲ ಅಂದರಂತೆ. ಆ ಹುಡುಗಿ ಬೇರೆಯವರನ್ನು ಮದುವೆಯಾಗಿ ಸುಖವಾಗಿದ್ದಾಳೆ. ಪೆನ್ಸಿಲ್ ಗೀರನ್ನೂ ಆ ಹುಡುಗ ಅಳಿಸಿದನಂತೆ.

ಇಷ್ಟು ಕಟ್ಟುನಿಟ್ಟಿನ ಮನುಷ್ಯನಿಗೆ ಮನೆಯಲ್ಲೇ ಒಬ್ಬ ವಿರೋಧಿ ಇದ್ದರು. ಅವರೇ ನಮ್ಮ ಅಜ್ಜಿ, ಮಾವನ ತಾಯಿ. ಜಗಳ ವರ್ಷಕ್ಕೊಂದೇ ಸಲ, ಆಯುಧಪೂಜೆಯ ದಿನ. ಅಜ್ಜಿ ಕುಡುಗೋಲು, ಮಚ್ಚು, ಮಿಕ್ಸಿ, ಸ್ಕೂಟರು ಎಲ್ಲಕ್ಕೂ ಅರಿಶಿನ ಕುಂಕುಮ ಇಟ್ಟು ಕೊನೆಗೆ ಬಿಲ್ಲಿನ ಹತ್ತಿರ ಬರುತ್ತಿದ್ದರು. ಬೇರೆಲ್ಲಾದರೂ ಇಟ್ಟರೆ ಆದೀತು. ಅವರು ಇಡುವುದು ಸರಿಯಾಗಿ ಹಿಡಿಯ ಮೇಲುಗಡೆ, ಒಳಮೈಯಲ್ಲಿ, ಬಾಣ ಹೂಡಿದಾಗ ಕಣ್ಣು ಹಾಯುವ ಜಾಗದಲ್ಲಿ. ಬಿಲ್ಲಿನ ಹಣೆ ಅದೇ ಅಂತ ಅವರ ವಾದ. ಅದು ಗುರಿಗುರುತಾಗುತ್ತದೆ, ಬರಿಬಿಲ್ಲಿಗೆ ಗುರುತು ಇರಕೂಡದು ಎಂದು ಮಾವನ ವಾದ.

"ಬರಿಹಣೆ ನನಗೊಬ್ಬಳಿಗೆ ಸಾಕು ನಾಯನಾ. ಬಿಲ್ಲಿಗೂ ಯಾಕೆ?" ಎಂದು ಅಜ್ಜಿ ಅಂದರೆ ವಾದ ಅಲ್ಲಿಗೆ ಮುಗಿಯುತ್ತಿತ್ತು.

ತಾತ ತೀರಿಕೊಂಡಾಗ ಅಜ್ಜಿಗೆ ಇನ್ನೂ ಚಿಕ್ಕ ವಯಸ್ಸು. ಅಂದಿನಿಂದ ಅವರು ತಮ್ಮ ಹಣೆಗೆ ಏನೂ ಇಟ್ಟುಕೊಂಡವರಲ್ಲ. ಮನೆಯ ಸಾಮಾನಿಗೆ ಕುಂಕುಮ ಇಡುವ ಕೆಲಸವನ್ನು ಮಾತ್ರ ಯಾರಿಗೂ ಬಿಟ್ಟುಕೊಡಲಿಲ್ಲ. ಒಂದು ವರ್ಷ ಕ್ಯಾಲನೂರಿನಿಂದ ಬಂದ ನೆಂಟರೊಬ್ಬರು, ಅವರ ಕೈಯಲ್ಲಿ ಅದನ್ನೆಲ್ಲ ಮಾಡಿಸಬಾರದಪ್ಪ ಎಂದು ಪಿಸುಗುಟ್ಟಿದರು. ಮಾವ ಕನ್ನಡಕ ಏರಿಸಿ, ಅದು ಯಾವ ನಿಯಮ, ಎಲ್ಲಿ ಬರೆದಿದೆ, ಓದಿ ತೋರಿಸಿ, ಆಮೇಲೆ ನೋಡೋಣ ಎಂದರು. ನೆಂಟರು ನಕ್ಕರು. ಮಾವ ನಗದೆ ಕಾಯುತ್ತಾ ಕೂತರು. ನೆಂಟರು ಊಟ ಮುಗಿಸಿದ ತಕ್ಷಣ ಬಸ್ಸು ಹಿಡಿದರು. ನಿಯಮವೆಂಬುದರಿಂದ ಒಬ್ಬರನ್ನು ಕಾಪಾಡಬಹುದು ಎಂದು ನನಗೆ ಗೊತ್ತಾದದ್ದು ಆವತ್ತು.

ಹೀಗೆ ಅಜ್ಜಿ ಬೊಟ್ಟು ಇಡುವುದು, ಸ್ಪರ್ಧೆಯ ಹಿಂದಿನ ದಿನ ಮಾವ ಹತ್ತಿಯನ್ನು ಕೊಬ್ಬರಿ ಎಣ್ಣೆಗೆ ಅದ್ದಿ ಒರೆಸುವುದು, ಇದು ಇಬ್ಬರೂ ಒಪ್ಪಿಕೊಂಡ ಪದ್ಧತಿಯಾಯಿತು. ಇಡೋದು ನನ್ನ ಕೆಲಸ, ಒರೆಸೋದು ನಿನ್ನ ಕರ್ಮ ಎಂದು ಅಜ್ಜಿ ನಗುತ್ತಿದ್ದರು.

ಈಚೆಗೆ ಅಜ್ಜಿಗೆ ಕಣ್ಣು ಪೂರ್ತಿ ಹೋಗಿದೆ. ಈ ವರ್ಷ ಆಯುಧಪೂಜೆಯ ದಿನ ನಾನು ಕೈ ಹಿಡಿದು ಕೂರಿಸಿದೆ. ಒಂದೊಂದು ಸಾಮಾನನ್ನೂ ತಡವಿ, ಇದು ಕುಡುಗೋಲು, ಇದು ಸುತ್ತಿಗೆ ಎಂದು ತಾವೇ ಹೇಳಿಕೊಂಡು ಬೊಟ್ಟು ಇಟ್ಟರು. ಬಿಲ್ಲು ಬಂದಾಗ ಅವರ ಬೆರಳು ಹಿಡಿಯಿಂದ ಮೇಲಕ್ಕೆ ಮೆಲ್ಲಗೆ ಹತ್ತಿ, ಪ್ರತಿವರ್ಷದ ಜಾಗದಲ್ಲೇ ನಿಂತಿತು. ಮಾವ ಎದುರಿಗೇ ಕೂತಿದ್ದರು. ಅಲ್ಲಿ ಬೇಡಮ್ಮ ಎಂದು ಈ ಸಲ ಹೇಳಲಿಲ್ಲ.

"ಈ ಸಲ ಒರೆಸ್ಬೇಡ ಕಣೋ. ನನಗಂತೂ ಏನೂ ಕಾಣ್ಸಲ್ಲ. ಅಲ್ಲೊಂದು ಕೆಂಪಗೆ ಇದೆ ಅಂತ ಅಂದ್ಕೊಂಡಿರ್ತೀನಿ," ಎಂದರು ಅಜ್ಜಿ.

ಮಾವ ಬಿಲ್ಲನ್ನು ಎತ್ತಿಕೊಂಡು ಹೋಗಿ ಒಳಗಿಟ್ಟರು.

ತೊಂದರೆ ಏನೆಂದರೆ, ಮಾವ ಇಷ್ಟು ವರ್ಷ ಕಾದಿದ್ದು ಹಬ್ಬದ ಬೆನ್ನಿಗೇ ಕೋಲಾರದಲ್ಲಿ ನಡೆಯುವ ಈ ಸಲದ ಸ್ಪರ್ಧೆಗೇ. ಹಿರಿಯರ ಬರಿಬಿಲ್ಲು ವರ್ಗದ ಬಹುಮಾನದ ಗುರಾಣಿ ಅವರಿಗೆ ಒಮ್ಮೆಯೂ ಸಿಕ್ಕಿರಲಿಲ್ಲ. ಯಾರೋ ಸೋಲಿಸಿದ್ದರಿಂದ ಅಲ್ಲ! ಸೀಟಿ ಊದಿದ ಮೇಲೆ ನನ್ನ ಬಾಣ ಹೊರಟಿತು ಎಂದೋ ಇನ್ನೊಂದೆಂದೋ ತಮ್ಮ ಮೇಲೆ ತಾವೇ ದೂರು ಕೊಟ್ಟು ಹೊರಗೆ ಬಂದ ಮಹಾನುಭಾವರು ಅವರು. ಈ ವರ್ಷ ಕೈ ಕುದುರಿತ್ತು, ಸಮಕ್ಕೆ ನಿಲ್ಲುತ್ತಿದ್ದ ಮುಳಬಾಗಿಲಿನವರೊಬ್ಬರಿಗೆ ಭುಜ ನೋವು, ಗೆದ್ದವರಿಗೆ ರಾಜ್ಯಮಟ್ಟಕ್ಕೆ ಕರೆ. ಇನ್ನೊಂದು ವರ್ಷ ಆ ಬಿಲ್ಲು ಎಳೆಯುವ ಶಕ್ತಿ ತೋಳಿನಲ್ಲಿ ಉಳಿದೀತೆಂದು ಮಾವನಿಗೇ ನಂಬಿಕೆಯಿರಲಿಲ್ಲ.

ಸ್ಪರ್ಧೆಯ ಹಿಂದಿನ ದಿನ ಮಾವ ಹತ್ತಿ, ಎಣ್ಣೆ ಬಟ್ಟಲು ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದರು. ಮಾವ, ಒರೆಸಿಬಿಡಿ, ಅಜ್ಜಿಗೆ ಹೇಗೂ ಕಾಣುವುದಿಲ್ಲವಲ್ಲ ಎಂದೆ.

"ಕಾಣಲ್ಲ ಅಂತ್ಲೇ ಒರೆಸೋಕಾಗ್ತಿಲ್ಲ ಕಣೇ," ಎಂದರು. ಹತ್ತಿಯನ್ನು ಮಡಿಚಿ ಡಬ್ಬಿಗೆ ಹಾಕಿದರು.

ಈ ಸಲ ಅಜ್ಜಿ ತಾವೂ ಬರುತ್ತೇನೆಂದು ಹಟ ಹಿಡಿದರು. ಕೋಲಾರದ ಮೈದಾನದಲ್ಲಿ ಶಾಮಿಯಾನದ ಕೆಳಗೆ ಅವರನ್ನು ಕುರ್ಚಿಯಲ್ಲಿ ಕೂರಿಸಿ ಪಕ್ಕದಲ್ಲಿ ನಾನು ನಿಂತೆ. ಮಾವ ಎಲ್ಲರ ಬಿಲ್ಲನ್ನೂ ಪರೀಕ್ಷಿಸಿದರು. ಹಬ್ಬ ಮುಗಿದ ಹೊಸತು, ಅರ್ಧ ಬರಿಬಿಲ್ಲುಗಳ ಹಣೆಯಲ್ಲಿ ಕುಂಕುಮ! ಎಲ್ಲವನ್ನೂ ಒರೆಸಿಸಿದರು. ಆಮೇಲೆ ತಮ್ಮ ಬಿಲ್ಲನ್ನು ಪರೀಕ್ಷೆಗೆ ಜೊತೆಗಿದ್ದ ವೇಮಗಲ್‌ನ ಮೇಷ್ಟ್ರ ಕೈಗಿಟ್ಟು, ಇದನ್ನು ನೀವು ನೋಡಿ ಎಂದರು. ಬಿಲ್ಲು ಬಳೆಯಲ್ಲಿ ಸಲೀಸಾಗಿ ತೂರಿತು. ಮೇಷ್ಟ್ರು ಒಳಮೈ ನೋಡಿ ಗಾಬರಿಯಾದರು. ಮಾವನ ಬಿಲ್ಲಿನಲ್ಲಿ ತಪ್ಪು ಹಿಡಿಯಬೇಕಾದೀತೆಂದು ಅವರು ಕನಸಿನಲ್ಲೂ ಎಣಿಸಿರಲಿಲ್ಲ. ಪಾಪ, ಅವರೇ ದಾರಿ ಹುಡುಕಿದರು. ಗುರುತಿನ ಮೇಲೆ ಟೇಪು ಅಂಟಿಸಿ ಮುಚ್ಚಿದರೆ ನಡೆಯುತ್ತದೆ, ನಿಯಮದಲ್ಲೇ ಇದೆ, ನೀವೇ ನಮಗೆ ಹೇಳಿಕೊಟ್ಟದ್ದು ಎಂದು ಟೇಪು ಕತ್ತರಿಸಿ ಹಿಡಿದರು.

"ನಮ್ಮಮ್ಮ ಇಟ್ಟಿರೋದು ಸಾರ್. ಅದರ ಮೇಲೆ ಟೇಪ್ ಹಾಕೋಕೆ ನನ್ನ ಕೈಲಾಗಲ್ಲ," ಎಂದರು ಮಾವ. "ಗುರುತಿದೆ ಅಂತ ಬರ್ಕೊಳ್ಳಿ. ನನ್ನನ್ನ ಗುರಿಕಡ್ಡಿ ವರ್ಗಕ್ಕೆ ಹಾಕಿ."

ಗುರಿಕಡ್ಡಿ ವರ್ಗದವರು ನಿಲ್ಲುವ ಗೆರೆ ಇನ್ನೂ ಹಿಂದೆ. ಎಳೆಯ ಹುಡುಗರ ಸಾಲಿನಲ್ಲಿ, ಫಳಫಳಿಸುವ ಸಲಕರಣೆಗಳ ನಡುವೆ, ನಮ್ಮ ಮಾವ ಒಂದು ಕುಂಕುಮದ ಬೊಟ್ಟನ್ನು ನೆಚ್ಚಿಕೊಂಡು ನಿಂತರು. ಅಷ್ಟು ದೂರಕ್ಕೆ ಆ ಬಿಲ್ಲಿನ ಕಸುವು ಸಾಲದು. ಬಾಣಗಳು ಹೋದವು, ಬಾಗಿದವು, ಗುರಿಹಲಗೆಗೆ ಮೊದಲೇ ಹುಲ್ಲಿನಲ್ಲಿ ನಾಟಿಕೊಂಡವು. ಮಾವ ಪ್ರತಿಯೊಂದನ್ನೂ ಪದಕಕ್ಕೇ ಬಿಟ್ಟಂತೆ ಶಿಸ್ತಿನಿಂದ ಬಿಟ್ಟರು. ನನಗೆ ನಗು ಬರಬೇಕಿತ್ತು. ಬರಲಿಲ್ಲ.

ಅಜ್ಜಿ ಕಿವಿಗೊಟ್ಟು ಕೂತಿದ್ದರು. ಹಲಗೆಗೆ ಬಾಣ ಬಡಿದ ಸದ್ದು ಕೇಳಲಿಲ್ಲವಲ್ಲ, ಇವನು ಬಿಟ್ಟನೇ ಇಲ್ಲವೇ ಎಂದು ಮೆಲ್ಲಗೆ ಕೇಳಿದರು. ಅಷ್ಟರಲ್ಲಿ ಮಾವ ಬಂದು, ಹೆದೆ ಬಿಚ್ಚಿದ ಬಿಲ್ಲನ್ನು ಅವರ ತೊಡೆಯ ಮೇಲಿಟ್ಟು ನೆಲದಲ್ಲಿ ಕೂತರು. ಅಜ್ಜಿಯ ಬೆರಳು ಹಿಡಿಯಿಂದ ಮೇಲಕ್ಕೆ ಹತ್ತಿತು. ಒಣಗಿದ ಕುಂಕುಮ ತಾಕಿ ನಿಂತಿತು.

"ಒರೆಸಿಲ್ಲ," ಎಂದರು.

"ಇಲ್ಲಮ್ಮ. ಈ ವರ್ಗದಲ್ಲಿ ಇರಬಹುದು."

"ಗೆದ್ಯಾ?"

"ಇಲ್ಲಮ್ಮ. ಕಡೇಲಿ ಬಂದೆ."

ಅಜ್ಜಿ ಕುಂಕುಮ ಅಂಟಿದ ಬೆರಳಿನಿಂದ ಮಗನ ಮುಖ ತಡವಿದರು. ಗಲ್ಲ, ಮೂಗು, ಕನ್ನಡಕ. ಆಮೇಲೆ ಹಣೆ ಸಿಕ್ಕಿತು. ಅಲ್ಲಿ ಒತ್ತಿದರು.

ಗುರಾಣಿಯನ್ನು ಮುಳಬಾಗಿಲಿನವರು ನೋಯುವ ಭುಜದಲ್ಲೇ ಎತ್ತಿ ತೋರಿಸಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವರು ನಮ್ಮ ಮಾವ. ಬಿಸಿಲು ಸುಡುತ್ತಿತ್ತು. ಹಣೆಯಿಂದ ನೀರು ಇಳಿಯುತ್ತಿತ್ತು. ಜೇಬಿನಲ್ಲಿ ಕರ್ಚೀಫು ಇತ್ತು. ಸಾಯಂಕಾಲ ಮನೆ ಸೇರುವವರೆಗೂ ಮಾವ ಬೆವರು ಒರೆಸಿಕೊಳ್ಳಲಿಲ್ಲ.