ಆರು ಸಿಲಿಂಡರಿನ ಸವತಿ

ಎರಡು ವಸ್ತುಗಳನ್ನು ಒಂದಕ್ಕೊಂದು ಹೊಂದಿಸುವ ಕೆಲಸ ಭೂಮಂಡಲದ ಮೇಲೆ ಎಲ್ಲೇ ಇರಲಿ, ಅದು ನನ್ನ ಕೈಗೆ ಬಂದರೆ ಅರ್ಧ ಮುಗಿದಂತೆಯೇ ಸರಿ! ಹೀಗೆಂದು ನಾನು ಒಂದು ಶನಿವಾರ ಬೆಳಿಗ್ಗೆ ಎಂಟು ಗಂಟೆಗೆ, ಒಂದು ಕೈಯಲ್ಲಿ ಚಹಾದ ಲೋಟ, ಇನ್ನೊಂದರಲ್ಲಿ ಅಳತೆಯ ಟೇಪು ಹಿಡಿದು, ನಮ್ಮ ಮನೆಯ ಶೆಡ್ಡಿನಲ್ಲಿ ನಿಂತು ಘೋಷಿಸಿದೆ.

ಬಾನೆಟ್ಟಿನೊಳಗೆ ಸೊಂಟದವರೆಗೆ ಮುಳುಗಿದ್ದ ನನ್ನ ಗಂಡ ತಲೆ ಎತ್ತಲಿಲ್ಲ.

“ಹಾಗಾದ್ರೆ ಮೊದಲು ಆ ಲೋಟಕ್ಕೊಂದು ತಟ್ಟೆ ಹೊಂದಿಸು. ಚಹಾ ನನ್ನ ಸಿಲಿಂಡರಿಗೆ ಬೀಳ್ತಿದೆ.”

ಆ ಕಾರಿನ ಕಥೆ ಹೇಳದಿದ್ದರೆ ನಿಮಗೆ ನನ್ನ ಪಾಡು ತಿಳಿಯುವುದಿಲ್ಲ. ಅದು ನಮ್ಮ ಮಾವನವರದು. ಆರು ಸಿಲಿಂಡರು, ದೋಣಿಯಷ್ಟು ಉದ್ದ, ಒಂದು ಕಾಲದಲ್ಲಿ ಕಡು ನೀಲಿ. ಮಾವ ನಲವತ್ತು ವರ್ಷ ಜನರಿಗೆ ಕಾರು ಓಡಿಸಲು ಕಲಿಸಿದವರು. ಊರಿನಲ್ಲಿ ಸ್ಟೇರಿಂಗ್ ಹಿಡಿದವರಲ್ಲಿ ಅರ್ಧ ಜನ ಅವರಿಂದ ಬೈಸಿಕೊಂಡೇ ಹಿಡಿದದ್ದು. ಕಲಿಸಲು ಬೇರೆ ಪುಟ್ಟ ಗಾಡಿಯಿತ್ತು. ಇದು ಮಾತ್ರ ಅವರ ಸ್ವಂತದ್ದು, ಬೇರೆಯವರು ಮುಟ್ಟುವಂತಿರಲಿಲ್ಲ. ಬದುಕಿದ್ದಷ್ಟು ದಿನವೂ ನಮ್ಮ ಅತ್ತೆ ಇದನ್ನು ‘ನನ್ನ ಸವತಿ’ ಎಂದೇ ಕರೆದರು. ಆ ಲೆಕ್ಕದಲ್ಲಿ ನನಗೆ ಇದು ಎರಡನೇ ಅತ್ತೆ. ಮೊದಲನೆಯವರಿಗಿಂತ ಹೆಚ್ಚು ಹೊಗೆಯಾಡಿದ್ದು ಇದೇ.

ಎರಡು ವರ್ಷದ ಹಿಂದೆ ಸವತಿ ನಿಂತುಬಿಟ್ಟಿತು. “ನಾನು ರಿಪೇರಿ ಮಾಡ್ತೀನಪ್ಪ,” ಎಂದು ಇವರು ಮಾತು ಕೊಟ್ಟರು. ಬ್ಯಾಂಕಿನಲ್ಲಿ ಕೂತು ರುಜು ಹಾಕುವ ಮನುಷ್ಯ ಪುಸ್ತಕ ಓದಿಕೊಂಡು ಎಂಜಿನ್ ಬಿಚ್ಚಿದರು. ಬಿಚ್ಚುವುದು ಒಂದು ವಾರದಲ್ಲಿ ಮುಗಿಯಿತು, ಜೋಡಿಸುವುದು ಮಾತ್ರ ಮುಗಿಯಲೇ ಇಲ್ಲ. ಅಷ್ಟರಲ್ಲಿ ಮಾವನಿಗೆ ಎಂಬತ್ತೊಂದಾಯಿತು, ಕಣ್ಣು ಮಂಜಾಯಿತು. ಕಣ್ಣಿನ ಡಾಕ್ಟರು ಇನ್ನು ಲೈಸೆನ್ಸಿಗೆ ಸಹಿ ಹಾಕುವುದಿಲ್ಲ ಎಂದುಬಿಟ್ಟರು. ಇದ್ದ ಲೈಸೆನ್ಸಿನ ಕೊನೆಯ ದಿನ ಯಾವುದು ಗೊತ್ತೇ? ಅದೇ ಶನಿವಾರ.

ಮಾವ ಜಗಳವಾಡಲಿಲ್ಲ, ಅಳಲಿಲ್ಲ. ಒಂದೇ ಒಂದು ಸಲ, ನಮ್ಮ ಗೇಟಿನಿಂದ ಬೀದಿಯ ತುದಿಯ ಬ್ರೆಡ್ಡಿನಂಗಡಿಯವರೆಗೆ, ಇನ್ನೂರು ಹೆಜ್ಜೆ, ಲೈಸೆನ್ಸು ಜೇಬಿನಲ್ಲಿರುವಾಗಲೇ ಓಡಿಸಬೇಕು ಎಂದರಷ್ಟೇ. ಶನಿವಾರ ಸಂಜೆ ಆ ಬೀದಿಯಲ್ಲಿ ಬೆಕ್ಕು ಕೂಡ ಓಡಾಡುವುದಿಲ್ಲ. ಮಗ ಪಕ್ಕದಲ್ಲೇ ಕೂರುತ್ತಾನೆ. ಒಪ್ಪಿದೆವು. ಬೆಳಿಗ್ಗೆಯೇ ಅವರು ಮುಖಕ್ಷೌರ ಮಾಡಿಕೊಂಡು, ಈ ದಿನಕ್ಕೆಂದೇ ನಾನು ಹೊಲಿದ ಕೆನೆ ಬಣ್ಣದ ಅಂಗಿ ತೊಟ್ಟು, ಕೊರಳಿನ ಗುಂಡಿಯನ್ನೂ ಹಾಕಿಕೊಂಡು ಜಗುಲಿಯಲ್ಲಿ ಕೂತಿದ್ದರು. ಮುಖ ಕೆಂಪಗಿತ್ತು. ಪಾಪ, ಎಷ್ಟು ಉದ್ವೇಗ, ಅಂದುಕೊಂಡೆ.

ಹೊಲಿಗೆಯ ಮಾತು ಬಂದಿದ್ದಕ್ಕೆ ಹೇಳಿಬಿಡುತ್ತೇನೆ. ನಮ್ಮ ಮನೆಯ ಅಂಗಿಗಳೆಲ್ಲ ನನ್ನ ಕೈಯವೇ. ಕಾನ್ವೆಂಟಿನಲ್ಲಿ ನನಗೆ ಹೊಲಿಗೆ ಕಲಿಸಿದ ಸಿಸ್ಟರ್ ಮರದ ಅಡಿಪಟ್ಟಿ ಹಿಡಿದೇ ಓಡಾಡುತ್ತಿದ್ದರು. ಕಾಗದದ ನಮೂನೆ ಬರೆಯುವಾಗ ಗೆರೆಯ ಆಚೆ ಹೊಲಿಗೆಗೆಂದು ಕಾಲಿಂಚು ಬಿಡಲೇಬೇಕು. ಮರೆತವಳ ಬೆರಳಿಗೆ ಅಡಿಪಟ್ಟಿ. ನನ್ನ ಬೆರಳು ಇವತ್ತಿಗೂ ಮರೆತಿಲ್ಲ. ಇವರಾಗಲಿ, ಮಾವನಾಗಲಿ ಕೊರಳ ಗುಂಡಿ ಬಿಚ್ಚಿಕೊಂಡು ಓಡಾಡಿದರೆ, “ಕತ್ತು ದಪ್ಪ ಆಗಿದೆ ನಿಮ್ಮದು, ಬೆಣ್ಣೆ ಕಮ್ಮಿ ಮಾಡಿ,” ಎಂದು ನಾನು ಎಚ್ಚರಿಸುತ್ತಲೇ ಬಂದಿದ್ದೇನೆ.

ಈಗ ಎಂಜಿನ್ನಿಗೆ ಬರೋಣ. ಸವತಿಯ ಸಿಲಿಂಡರ್ ಹೆಡ್ಡುಗಳು ಬಿರುಕು ಬಿಟ್ಟಿದ್ದವು. ಇವರು ಗುಜರಿಯಿಂದ ಬೇರೊಂದು ವರ್ಷದ ಕಾರಿನ ಜೋಡಿ ಹೆಡ್ಡು ತಂದು ಕೂರಿಸಿದರು. ಒಂದರ ಮುಂಡಕ್ಕೆ ಇನ್ನೊಂದರ ರುಂಡ! ಆ ಎರಡು ಹೆಡ್ಡುಗಳ ನಡುವೆ ಕೂತು ಆರೂ ಸಿಲಿಂಡರಿಗೆ ಗಾಳಿ ಹಂಚುವ ಕಬ್ಬಿಣದ ಭಾಗವೇ ಇನ್‌ಟೇಕ್ ಮ್ಯಾನಿಫೋಲ್ಡ್. ನನ್ನ ಕಾನ್ವೆಂಟು ಇಂಗ್ಲಿಷಿನ ಕಿವಿಗೆ ಅದು ಗಂಡಸನ್ನು ನಾಲ್ಕಾಗಿ ಮಡಿಸಿಡುವ ಯಂತ್ರವೆಂದೇ ಕೇಳಿಸುತ್ತಿತ್ತು. ಎರಡು ವರ್ಷದಿಂದ ನಮ್ಮ ಮನೆಯ ಗಂಡಸು ಅದರ ಮೇಲೆ ಮಡಿಸಿಕೊಂಡೇ ಇದ್ದರಾದ್ದರಿಂದ ಅನುಮಾನವೂ ಇರಲಿಲ್ಲ. ಹೆಡ್ಡಿನ ತೂತಿಗೂ ಮ್ಯಾನಿಫೋಲ್ಡಿನ ತೂತಿಗೂ ತಾಳೆಯಾಗಬೇಕು, ನಡುವೆ ಹೊಸ್ತಿಲಿದ್ದರೆ ಗಾಳಿ ಎಡವುತ್ತದೆ ಎಂದು ಇವರು ಮೂರು ವಾರ ಮಸಿ ಬಳಿದು, ಗೆರೆ ಎಳೆದು, ಅರದಲ್ಲಿ ಉಜ್ಜಿದ್ದರು. ಈಗ ಆರಕ್ಕೆ ಆರೂ ಸರಿ. ಪ್ರತಿ ತೂತಿನಲ್ಲೂ ಎರಡು ಬೆರಳು ಜೋಡಿಯಾಗಿ ಆಚೆಯಿಂದೀಚೆ ಹೋಗುತ್ತಿದ್ದವು.

ಉಳಿದದ್ದು ಗಾಳಿ ಸೋರದಂತೆ ನಡುವೆ ಇಡುವ ಗ್ಯಾಸ್ಕೆಟ್ ಎಂಬ ಹಾಳೆ. ಇಂಥ ಕಲಬೆರಕೆ ಜೋಡಿಗೆ ಅಂಗಡಿಯಲ್ಲಿ ಸಿಗುವುದು ಹೊಂದುವುದಿಲ್ಲ, ದಪ್ಪ ಹಾಳೆ ತಂದು ನಾವೇ ಕತ್ತರಿಸಬೇಕು. ಇವರು ಸುತ್ತಿಗೆ ಹಿಡಿದು ಯೋಚಿಸುತ್ತಿದ್ದರು. ನಾನು ಲೋಟ ಕೆಳಗಿಟ್ಟೆ. ಕಾಗದದ ನಮೂನೆ, ಕತ್ತರಿ, ಎರಡು ಅಳತೆ. ಇದು ಅಂಗಿಯ ಕೆಲಸ, ಎಂಜಿನ್ನಿನದಲ್ಲ ಎಂದೆ. ಎರಡು ವರ್ಷದಲ್ಲಿ ಮೊದಲ ಬಾರಿಗೆ ಇವರು ನನ್ನನ್ನು ಗೌರವದಿಂದ ನೋಡಿದರು. ಅಲ್ಲಿಗೇ ಎಚ್ಚರಗೊಳ್ಳಬೇಕಿತ್ತು.

ಹೊಲಿಗೆಯ ಮೇಜಿನ ಮೇಲೆ ಗೆರೆ ಎಳೆದು ಕತ್ತರಿಸಿದೆ. ಬೋಲ್ಟಿನ ತೂತುಗಳು ಗುಂಡಿಯ ಕಾಜಾ ಇದ್ದಂತೆ, ಕೂದಲೆಳೆ ವ್ಯತ್ಯಾಸವಿಲ್ಲದೆ ಬಂದವು. ಇವರು ಒಂದೊಂದರಲ್ಲೂ ಬೋಲ್ಟು ತೂರಿಸಿ ನೋಡಿ ತಲೆದೂಗಿದರು. ಹೊರ ಅಂಚು ಮಾತ್ರ ಸುತ್ತಲೂ ಕೊಂಚ ಹೆಚ್ಚಾಗಿದೆ ಅಂದರು. “ದೊಡ್ಡದಾದ್ರೆ ಕತ್ತರಿಸಬಹುದು ಕಣ್ರೀ, ಚಿಕ್ಕದಾದ್ರೆ ಏನ್ಮಾಡ್ತೀರಿ?” ಎಂದು ಅಂಚನ್ನು ಕಚಕಚನೆ ಕತ್ತರಿಸಿ ಬಿಸಾಡಿದೆ. ಅಂಚು ಯಾಕೆ ಹೆಚ್ಚಾಯಿತೆಂದು ನಾನೂ ಕೇಳಿಕೊಳ್ಳಲಿಲ್ಲ, ಇವರೂ ಕೇಳಲಿಲ್ಲ.

ಕೂರಿಸುವ ಹೊತ್ತು ಬಂತು. ಹೆಡ್ಡಿನ ತೂತುಗಳಿಗೆ ಏನೂ ಬೀಳದಂತೆ ಹಳೆ ದಿಂಬಿನ ಕವರಿನ ಆರು ಚಿಂದಿ ತುರುಕಿದ್ದರು. ಒಂದು ಚಿಂದಿ ಒಳಗುಳಿದರೂ ಎಂಜಿನ್ನಿನ ಕಥೆ ಮುಗಿಯಿತು. ನಾನು ಹೆಡ್ಡಿಗೆ ಅಂಟು ಬಳಿದು, ಸೂಜಿಗೆ ದಾರ ಪೋಣಿಸಿದಂತೆ ಚಿಂದಿಗಳ ಬಾಲವನ್ನು ಗ್ಯಾಸ್ಕೆಟ್ಟಿನ ತೂತಿನಿಂದ ಹೊರಗೆಳೆದು, ಹಾಳೆ ಅಂಟಿಸಿದೆ. ಇವರು ಇಪ್ಪತ್ತು ಕಿಲೋದ ಮ್ಯಾನಿಫೋಲ್ಡನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಕಾದರು. ಅಂಟು ಗಟ್ಟಿಯಾಗುವುದರೊಳಗೆ ಇಳಿಸಬೇಕು.

“ಈಗ ಚಿಂದಿ ತೆಗಿ. ಎಣಿಸ್ತಾ ತೆಗಿ.”

ಒಂದು. ಎರಡು. ಬಿಗಿಯಾಗಿ ಬಂದವು. ಮೂರು, ನಾಲ್ಕು, ಐದು. ಆರನೆಯದು ಬರಲಿಲ್ಲ. ಎಳೆದೆ, ಬಾಲ ಹರಿದು ಕೈಗೆ ಬಂತು. ಮ್ಯಾನಿಫೋಲ್ಡಿನ ಭಾರಕ್ಕೆ ಇವರ ತೋಳು ಇಳಿಯತೊಡಗಿತ್ತು, ಮೂಗಿನ ತುದಿಯಲ್ಲಿ ಬೆವರಿನ ಹನಿ ತೂಗಾಡುತ್ತಿತ್ತು. ನಾನು ತಲೆಯಿಂದ ಹೇರ್‌ಪಿನ್ನು ಕಿತ್ತು, ಬಗ್ಗಿಸಿ, ಒಳಗೆ ತೂರಿಸಿ, ಕಣ್ಣು ಮುಚ್ಚಿ ಎಳೆದೆ.

“ಆರು,” ಅಂದೆ.

ಧೊಪ್ಪನೆ ಮ್ಯಾನಿಫೋಲ್ಡು ಕೂತಿತು. ಚಿಂದಿಯನ್ನು ಅಷ್ಟು ಬಿಗಿಯಾಗಿ ತುರುಕಿದವರು ಯಾರು ಎಂದು ನಾನು ಗಂಡನನ್ನೇ ಗದರಿದೆ.

ನಾಲ್ಕು ಗಂಟೆಗೆ ಕೀಲಿ ತಿರುಗಿಸಿದರೆ ಸವತಿ ಒಂದೇ ಸಲಕ್ಕೆ ಎದ್ದಿತು! ಎಷ್ಟು ಮೃದು, ಎಷ್ಟು ಸೌಮ್ಯ! ಇವರ ಕಣ್ಣಲ್ಲಿ ನೀರು. ನಾನು ದೊಡ್ಡತನದಿಂದ ಅವರ ಬೆನ್ನು ತಟ್ಟಿ, ಹೊಲಿಗೆಯ ಮೇಜು ಗುಡಿಸಲು ಒಳಗೆ ಹೋದೆ.

ಮೇಜಿನ ಮೇಲೆ ನಾನು ಕತ್ತರಿಸಿ ತೆಗೆದ ಆರು ತುಂಡುಗಳು ಬಿದ್ದಿದ್ದವು. ಗ್ಯಾಸ್ಕೆಟ್ಟಿನ ಗಾಳಿ ತೂತಿನೊಳಗಿನ ತುಂಡುಗಳು. ಒಂದನ್ನು ಎತ್ತಿಕೊಂಡೆ. ಎರಡು ಬೆರಳಿನ ಅಗಲ ಇರಬೇಕಾದದ್ದು ಒಂದು ಬೆರಳಿನಷ್ಟೂ ಇರಲಿಲ್ಲ. ಪಕ್ಕದಲ್ಲಿದ್ದ ಕಾಗದದ ನಮೂನೆ ನೋಡಿದೆ. ಪ್ರತಿ ತೂತಿಗೂ ಎರಡೆರಡು ಗೆರೆ! ಹೊರಗಿನ ಚುಕ್ಕಿ ಗೆರೆ ಹೊಲಿಗೆಗೆ, ಒಳಗಿನ ಗೆರೆ ಕತ್ತರಿಗೆ, ನಡುವೆ ಅಚ್ಚುಕಟ್ಟಾಗಿ, ಸುತ್ತಲೂ, ಆರಕ್ಕೆ ಆರರಲ್ಲೂ ಬಿಟ್ಟ ಕಾಲಿಂಚು.

ಎಂಜಿನ್ನಿಗೆ ನಾನು ಹೊಲಿಗೆಯ ಜಾಗ ಬಿಟ್ಟಿದ್ದೆ.

ತುಂಡುಗಳನ್ನು ಮುಷ್ಟಿಯಲ್ಲಿ ಹಿಡಿದು ಶೆಡ್ಡಿಗೆ ಹೋದೆ. ಇವರು ಬಾನೆಟ್ಟನ್ನು ಮಗುವಿನ ಮುಖ ಒರೆಸುವ ಹಾಗೆ ಒರೆಸುತ್ತಿದ್ದರು.

“ರೀ, ಈಗ ಆ ಮ್ಯಾನಿಫೋಲ್ಡ್ ಬಿಚ್ಚಬೇಕು ಅಂದ್ರೆ ಎಷ್ಟು ಹೊತ್ತು ಬೇಕು?”

“ಬಿಚ್ಚಿ, ಕೆರೆದು, ಮತ್ತೆ ಕೂರಿಸೋಕೆ ನಾಳೆ ಮಧ್ಯಾಹ್ನ. ಯಾಕೆ?”

“ಸುಮ್ನೆ, ಜ್ಞಾನಕ್ಕೆ. ಗಾಳಿ ಸ್ವಲ್ಪ ಕಮ್ಮಿ ಹೋದ್ರೆ ಏನಾಗುತ್ತೆ?”

“ನಿಂತಲ್ಲಿ ಚೆನ್ನಾಗೇ ಇರುತ್ತೆ, ಓಡೋಕೆ ಹೋದ್ರೆ ಉಸಿರು ಕಟ್ಟುತ್ತೆ. ಯಾಕೆ?”

“ಜ್ಞಾನಕ್ಕೆ.”

“ಇವತ್ತು ಬಹಳ ಬೇಕಾಗಿದೆ ನಿನಗೆ ಜ್ಞಾನ.”

ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಮಾವ ಬಂದರು. ಜೇಬಿನಿಂದ ಲೈಸೆನ್ಸು ತೆಗೆದು, ಮಗನ ಕಣ್ಣಿನ ಮುಂದೆ ಹಿಡಿದು, ತಾರೀಖು ಓದಿಸಿದರು. ಇವತ್ತಿನದೇ. ಮತ್ತೆ ಜೇಬಿಗಿಟ್ಟುಕೊಂಡು ಡ್ರೈವರ್ ಸೀಟಿನಲ್ಲಿ ಕೂತು, ಕನ್ನಡಿ ಸರಿ ಮಾಡಿಕೊಂಡರು. ಕನ್ನಡಿಯಲ್ಲಿ ಅವರಿಗೆ ಏನೂ ಕಾಣುವುದಿಲ್ಲವೆಂದು ನಮಗೆಲ್ಲ ಗೊತ್ತು. ನಾನು ಬಾಯಿ ಮುಚ್ಚಿಕೊಂಡು ಹಿಂದಿನ ಸೀಟಿಗೆ ಹತ್ತಿದೆ. ಮುಷ್ಟಿಯಲ್ಲಿ ಆರು ತುಂಡು, ಎದೆಯಲ್ಲಿ ಆರು ಸಿಲಿಂಡರು.

ಗೇಟು ದಾಟಿದೆವು. ಬೀದಿ ಕೊಂಚ ಏರು. ಮಾವ ಆಕ್ಸಿಲರೇಟರ್ ಒತ್ತಿದರು. ಸವತಿ ನಾಲ್ಕು ಮಹಡಿ ಹತ್ತಿದವರ ಹಾಗೆ ಏದುಸಿರು ಬಿಡುತ್ತ, ಆದರೆ ನಿಲ್ಲದೆ, ಹೊರಟಿತು. ಕೋಲೂರಿಕೊಂಡು ಹೋಗುತ್ತಿದ್ದ ಎದುರುಮನೆ ಅಜ್ಜಿ ನಮ್ಮನ್ನು ಹಿಂದೆ ಹಾಕಿದರು. ಹಾಕುವಾಗ ಕಿಟಕಿಗೆ ಬಗ್ಗಿ, ತಳ್ಳಬೇಕಾ ಎಂದು ವಿಚಾರಿಸಿದರು. ಇವರು ಕಿವಿಗೊಟ್ಟು ಕೇಳುತ್ತ, ಕಾರ್ಬ್ಯುರೇಟರೋ, ಪೆಟ್ರೋಲೋ ಎಂದು ಗೊಣಗುತ್ತಿದ್ದರು. ಮಾವ ಮಾತ್ರ ರಾಜಗಾಂಭೀರ್ಯದಿಂದ, ಇಷ್ಟು ಹದವಾಗಿ ಗಾಡಿ ನಡೆಸುವುದು ಈಗಿನವರಿಗೆ ಹತ್ತು ವರ್ಷಕ್ಕೂ ಬರುವುದಿಲ್ಲ ಎಂದು ಪಾಠ ಹೇಳುತ್ತಿದ್ದರು.

ಬ್ರೆಡ್ಡಿನಂಗಡಿ ಬಂತು. ಉದ್ದದ ಗಾಜಿನ ಕಪಾಟು, ಅದರ ಮುಂದೆ ಮರದ ಬೆಂಚು, ಬೆಂಚಿನ ಮೇಲೆ ಪೇಪರು ಓದುತ್ತ ಅಂಗಡಿಯಾಕೆ. ಮಾವ ಕಾರನ್ನು ಅಂಗಡಿಯ ಕಡೆ ಸೊಗಸಾಗಿ ತಿರುಗಿಸಿದರು.

“ಅಪ್ಪ, ಬ್ರೇಕು,” ಎಂದರು ಇವರು.

ಮಾವ ಒತ್ತಿದರು. ಸವತಿ ನಿಲ್ಲಲಿಲ್ಲ.

“ಬ್ರೇಕಪ್ಪ!”

“ಒತ್ತಿದೀನಲ್ಲೋ! ಪೂರ್ತಿ ಒತ್ತಿದೀನಿ!”

ಹಿಂದಿನ ಸೀಟಿನಿಂದ ಬಗ್ಗಿ ನೋಡಿದೆ. ಮಾವನ ಕಾಲು ಬ್ರೇಕಿನ ಮೇಲಿರಲಿಲ್ಲ. ಆಕ್ಸಿಲರೇಟರನ್ನು ನೆಲಕ್ಕೆ ಅದುಮಿ ಹಿಡಿದಿತ್ತು. ಆರು ಸಿಲಿಂಡರು, ಗಾಜಿನ ಕಪಾಟು, ಅಂಗಡಿಯಾಕೆ. ಇವರು ಕೀಲಿಗಾಗಿ ತಡಕಾಡಿದರು, ಕೈಗೆ ವೈಪರಿನ ಗುಂಡಿ ಸಿಕ್ಕಿತು. ವೈಪರು ಭರ್ರೆಂದು ಆಡತೊಡಗಿತು. ಆ ಕ್ಷಣದಲ್ಲಿ ಕಾರಿನಲ್ಲಿ ವೇಗವಾಗಿ ಓಡುತ್ತಿದ್ದದ್ದು ಅದೊಂದೇ.

ಯಾಕೆಂದರೆ ಸವತಿ, ಪೂರ್ತಿ ಆಕ್ಸಿಲರೇಟರಿನಲ್ಲಿ, ಕೆಮ್ಮುತ್ತ ಕೆಮ್ಮುತ್ತ ಹೆಜ್ಜೆಯ ಮೇಲೆ ಹೆಜ್ಜೆ ಇಡುವಂತೆ ಮುಂದೆ ಬಂತು. ಅಂಗಡಿಯಾಕೆ ಪೇಪರು ಮಡಿಸಿದರು. ಕನ್ನಡಕ ತೆಗೆದು ಡಬ್ಬಿಗೆ ಹಾಕಿದರು. ಎದ್ದು ಪಕ್ಕಕ್ಕೆ ಸರಿದು, “ಬನ್ನಿ,” ಎಂದರು. ಕಾರಿನ ಮೂತಿ ಬೆಂಚನ್ನು ಮೆಲ್ಲಗೆ ತಳ್ಳಿಕೊಂಡು ಹೋಗಿ ಕಪಾಟಿಗೆ ತಾಗಿಸಿತು. ಗಾಜು ಝಿಲ್ಲೆಂದಿತು, ಒಡೆಯಲಿಲ್ಲ. ಎಂಜಿನ್ ಉಸಿರು ಬಿಟ್ಟು ಆರಿಹೋಯಿತು.

ಮಾವ ಬಗ್ಗಿ ತಮ್ಮ ಕಾಲನ್ನು ನೋಡಿಕೊಂಡರು. ಆಮೇಲೆ ಜೇಬಿನಿಂದ ಲೈಸೆನ್ಸು ತೆಗೆದು ಮಗನ ಕೈಗಿಟ್ಟರು. “ಡಾಕ್ಟರು ಸರಿಯಾಗೇ ಹೇಳಿದಾನೆ ಕಣೋ,” ಎಂದರು, ನೂರಾರು ಜನರಿಗೆ ಪಾಸು ಫೇಲು ಹೇಳಿದ ಅದೇ ದನಿಯಲ್ಲಿ.

ಇವರು ಗಾಜನ್ನು ನೋಡಿದರು, ಅಂಗಡಿಯಾಕೆಯನ್ನು ನೋಡಿದರು. “ಈ ಎಂಜಿನ್ ಸರಿಯಾಗಿ ಎಳೆದಿದ್ರೆ...” ಎಂದು ಶುರುಮಾಡಿ ನಿಲ್ಲಿಸಿದರು. ನನ್ನತ್ತ ತಿರುಗಿದರು. “ಯಾಕೆ ಎಳೀಲಿಲ್ಲ?”

ನಾನು ಮುಷ್ಟಿ ಬಿಚ್ಚಿ ಆರು ತುಂಡುಗಳನ್ನು ಮುಂದಿನ ಸೀಟಿನ ನಡುವೆ ಚಾಚಿದೆ. ಸಿಸ್ಟರ್, ಅಡಿಪಟ್ಟಿ, ಚುಕ್ಕಿ ಗೆರೆ, ಎಲ್ಲ ಒಪ್ಪಿಕೊಂಡೆ. ಒಪ್ಪಿಕೊಳ್ಳುತ್ತ ಒಪ್ಪಿಕೊಳ್ಳುತ್ತ ನನ್ನ ದನಿ ತಾನಾಗಿಯೇ ಏರಿತು. ಯೋಚಿಸಿ ನೋಡಿದರೆ ಇದು ತಪ್ಪೇ? ಇಂದು ಒಂದು ಅಂಗಡಿ, ಒಬ್ಬ ಹೆಂಗಸು, ಒಂದು ಮನೆತನದ ಮಾನ ಉಳಿದದ್ದು ಯಾರ ಕಾಲಿಂಚಿನಿಂದ? ಕೊನೆಯಲ್ಲಿ ನಾನು ಕೊಂಚ ಎದೆಯುಬ್ಬಿಸಿಯೇ ಕೂತೆ.

ಇವರು ಒಂದು ತುಂಡನ್ನು ಎತ್ತಿ ಬೆರಳಿಗೆ ಹಿಡಿದು ನೋಡಿದರು. ಏನೋ ನೆನಪಾದವರಂತೆ ಅವರ ಇನ್ನೊಂದು ಕೈ ತಮ್ಮ ಕೊರಳಿನತ್ತ ಹೋಯಿತು. ಮಾವ ಅಷ್ಟರಲ್ಲೇ ಕೆನೆ ಬಣ್ಣದ ಅಂಗಿಯ ಕೊರಳ ಗುಂಡಿ ಬಿಚ್ಚಿ, ಬೆಳಗಿನಿಂದ ಕಟ್ಟಿಟ್ಟಿದ್ದ ಉಸಿರನ್ನು ದೀರ್ಘವಾಗಿ ಬಿಟ್ಟರು. ಮುಖದ ಕೆಂಪು ಇಳಿಯಿತು.

“ಬೇಜಾರು ಮಾಡ್ಕೋಬೇಡಮ್ಮ,” ಎಂದರು, ಡ್ಯಾಶ್‌ಬೋರ್ಡನ್ನು ಕನಿಕರದಿಂದ ಸವರುತ್ತ. “ನೀನು ಹೊಲಿದದ್ದು ಹಾಕ್ಕೊಂಡು ನಾವಿಬ್ಬರೂ ಇಪ್ಪತ್ನಾಲ್ಕು ವರ್ಷ ಓಡಾಡಿದೀವಿ. ಪಾಪ, ಇದಕ್ಕೆ ಅಭ್ಯಾಸ ಇಲ್ಲ.”